ಹುಡುಕುವವನ ಸಮಯ ಉಳಿಸಿದ ಗಣಿತಜ್ಞ ಎಸ್.ಆರ್. ರಂಗನಾಥನ್

ಹಳೆಯ ಕಾಲದ ವರ್ತಕರ ಅಂಗಡಿಗಳಲ್ಲಿ ಎರಡು ಬಗೆಯ ಲೆಕ್ಕದ ಪುಸ್ತಕಗಳಿರುತ್ತಿದ್ದವು. ಒಂದು ಕಿರ್ದಿ, ಇನ್ನೊಂದು ಖತಾವಣಿ. ಕಿರ್ದಿಯಲ್ಲಿ ಪ್ರತಿಯೊಂದು ವ್ಯವಹಾರವೂ ನಡೆದ ಕ್ರಮದಲ್ಲೇ ದಾಖಲಾಗುತ್ತಿತ್ತು. ಬರೆದುದನ್ನು ಅಳಿಸುವಂತಿರಲಿಲ್ಲ, ನಡುವೆ ಹೊಸದನ್ನು ತುರುಕುವಂತೆಯೂ ಇರಲಿಲ್ಲ. ಆದರೆ ಒಬ್ಬ ಗಿರಾಕಿಯ ಬಾಕಿ ಎಷ್ಟೆಂದು ತಿಳಿಯಲು ಕಿರ್ದಿಯೊಂದೇ ಸಾಲದು. ವರ್ಷದ ಪುಟಗಳನ್ನೆಲ್ಲ ಮಗುಚಬೇಕಾಗುತ್ತಿತ್ತು. ಆದ್ದರಿಂದಲೇ ಕಿರ್ದಿಯ ಕಲಮುಗಳನ್ನು ಹೆಸರುವಾರು ಬಿಡಿಸಿ ಖತಾವಣಿಗೆ ಎತ್ತಿ ಬರೆಯುವ ಪದ್ಧತಿ ಬೆಳೆದು ಬಂತು.

2009ರ ಜನವರಿಯಲ್ಲಿ ಬಿಟ್‌ಕಾಯಿನ್‌ನೊಂದಿಗೆ ಆರಂಭವಾದ ಬ್ಲಾಕ್‌ಚೈನ್ ತಂತ್ರಜ್ಞಾನವನ್ನು ಕಂಪ್ಯೂಟರ್ ಯುಗದ ಕಿರ್ದಿ ಎನ್ನಬಹುದು. ಅದು ಎಲ್ಲರಿಗೂ ತೆರೆದಿರುವ, ಬರೆದುದನ್ನು ಸುಲಭವಾಗಿ ತಿದ್ದಲಾಗದ ದಾಖಲೆ. ಆದರೆ ಅದರೊಳಗಿನಿಂದ ಬೇಕಾದ ಸಂಗತಿಯನ್ನು ಬೇಕಾದಾಗ ಹೊರತೆಗೆಯುವುದು ಇಂದಿನ ತಂತ್ರಾಂಶ ರಚನಾಕಾರರಿಗೆ ದೊಡ್ಡ ಸವಾಲು. ಕೂಡಿಡುವುದು ಬೇರೆ, ಹುಡುಕಿದಾಗ ಸಿಗುವಂತೆ ಇಡುವುದು ಬೇರೆ. ಈ ವ್ಯತ್ಯಾಸವನ್ನು ಕಂಪ್ಯೂಟರ್ ಇನ್ನೂ ನಮ್ಮ ದೇಶಕ್ಕೆ ಕಾಲಿಡದಿದ್ದ ದಿನಗಳಲ್ಲೇ ಗುರುತಿಸಿ, ಅದನ್ನೊಂದು ಶಾಸ್ತ್ರವಾಗಿ ಕಟ್ಟಿಕೊಟ್ಟವರು ಶಿಯಾಳಿ ರಾಮಾಮೃತ ರಂಗನಾಥನ್. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹರೆಂದು ಗೌರವಿಸಲ್ಪಡುವ ಅವರ ಬಾಳಿನ ಕೊನೆಯ ಹದಿನೈದು ವರ್ಷಗಳು ಕಳೆದದ್ದು ನಮ್ಮ ಬೆಂಗಳೂರಿನಲ್ಲಿ.

ಶಿಯಾಳಿಯಿಂದ ಮಂಗಳೂರಿಗೆ

ರಂಗನಾಥನ್ ಜನಿಸಿದ್ದು 1892ರ ಆಗಸ್ಟ್‌ನಲ್ಲಿ, ಅಂದಿನ ತಂಜಾವೂರು ಜಿಲ್ಲೆಯ ಶಿಯಾಳಿಯಲ್ಲಿ. ಇಂದು ಆ ಊರನ್ನು ಸೀರ್ಕಾಳಿ ಎನ್ನುತ್ತಾರೆ. ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡ ಹುಡುಗನಿಗೆ ಉಗ್ಗುವಿಕೆಯ ತೊಂದರೆಯೂ ಇತ್ತು. ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಗಣಿತ ಓದಿ ಬಿ.ಎ. ಹಾಗೂ ಎಂ.ಎ. ಪದವಿಗಳನ್ನು ಪಡೆದರು. ಅಲ್ಲಿನ ಪ್ರಾಧ್ಯಾಪಕ ಎಡ್ವರ್ಡ್ ರಾಸ್ ಅವರ ಮೇಲೆ ರಂಗನಾಥನ್‌ರಿಗೆ ಕೊನೆಯವರೆಗೂ ಗುರುಭಕ್ತಿ ಇತ್ತು.

ಅವರ ಅಧ್ಯಾಪನ ವೃತ್ತಿ ಆರಂಭವಾದದ್ದು ಕರಾವಳಿಯಲ್ಲಿ. 1917ರಲ್ಲಿ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಗಣಿತದ ಅಧ್ಯಾಪಕರಾಗಿ ಸೇರಿದರು. ಅನಂತರ ಕೊಯಮತ್ತೂರಿನಲ್ಲೂ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲೂ ಕಲಿಸಿದರು. ವಿದ್ಯಾರ್ಥಿಗಳೊಡನೆ ಬೆರೆತು ಪಾಠ ಹೇಳುವುದೇ ಅವರಿಗೆ ಪ್ರಿಯವಾದ ಕೆಲಸ. ಗ್ರಂಥಾಲಯ ಅವರ ಕನಸಿನಲ್ಲಿ ಇರಲಿಲ್ಲ.

ಬೇಡವೆಂದ ಕುರ್ಚಿ

ಮದ್ರಾಸ್ ವಿಶ್ವವಿದ್ಯಾನಿಲಯ ತನ್ನ ಮೊದಲ ಗ್ರಂಥಪಾಲಕರ ಹುದ್ದೆಗೆ ಅರ್ಜಿ ಕರೆದಾಗ ಸುಮಾರು 900 ಮಂದಿ ಮುಂದೆ ಬಂದರು. ಅವರಲ್ಲಿ ಆ ವೃತ್ತಿಯ ವಿಧಿವತ್ತಾದ ತರಬೇತಿ ಪಡೆದವರು ಯಾರೂ ಇರಲಿಲ್ಲ. ಸ್ನೇಹಿತರ ಒತ್ತಾಯಕ್ಕೆ ಮಣಿದು ಅರ್ಜಿ ಹಾಕಿದ್ದ ರಂಗನಾಥನ್ ಆಯ್ಕೆಯಾದರು. 1924ರ ಜನವರಿಯಲ್ಲಿ ಅಧಿಕಾರ ವಹಿಸಿಕೊಂಡ ಅವರಿಗೆ ಕೆಲವೇ ದಿನಗಳಲ್ಲಿ ಆ ಏಕಾಂತ ಅಸಹನೀಯವೆನಿಸಿತು. ಓದುಗರು ವಿರಳ, ಕೆಲಸ ಅದಕ್ಕಿಂತ ವಿರಳ. ತರಗತಿಗೆ ಮರಳಲು ಅನುಮತಿ ಕೋರಿದರು. ಲಂಡನ್ನಿಗೆ ಹೋಗಿ ಗ್ರಂಥಾಲಯಗಳ ಕೆಲಸವನ್ನು ನೋಡಿ ಬಂದ ಮೇಲೂ ಮನಸ್ಸು ಒಪ್ಪದಿದ್ದರೆ ಹಿಂದಿರುಗಬಹುದೆಂಬ ಷರತ್ತಿನ ಮೇಲೆ ಅವರನ್ನು ಉಳಿಸಿಕೊಳ್ಳಲಾಯಿತು.

ಆ ಷರತ್ತು ಅವರ ಬಾಳಿನ ದಿಕ್ಕನ್ನೇ ಬದಲಿಸಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಕ್ರಾಯ್ಡನ್‌ನ ಗ್ರಂಥಪಾಲಕ ಬೆರ್ವಿಕ್ ಸೇಯರ್ಸ್ ಅವರ ಮಾರ್ಗದರ್ಶನ ದೊರೆಯಿತು. ಇಂಗ್ಲೆಂಡಿನ ನೂರರಷ್ಟು ಗ್ರಂಥಾಲಯಗಳನ್ನು ಸುತ್ತಿ ನೋಡಿದರು. ಮಕ್ಕಳು, ಕಾರ್ಮಿಕರು, ಗೃಹಿಣಿಯರು ಅಲ್ಲಿಗೆ ಬಂದು ಓದುತ್ತಿದ್ದುದನ್ನು ಕಂಡಾಗ ಪುಸ್ತಕದ ಕಪಾಟು ಒಂದು ಸಮಾಜವನ್ನು ಹೇಗೆ ಬದಲಿಸಬಲ್ಲದೆಂಬುದು ಅವರಿಗೆ ಮನವರಿಕೆಯಾಯಿತು. ಜೊತೆಗೆ ಗಣಿತಜ್ಞನ ಕಣ್ಣಿಗೆ ಒಂದು ಕೊರತೆಯೂ ಕಂಡಿತು. ಗ್ರಂಥಾಲಯದಿಂದ ಗ್ರಂಥಾಲಯಕ್ಕೆ ಪುಸ್ತಕಗಳನ್ನು ಜೋಡಿಸುವ ರೀತಿಯಲ್ಲಿ ಏಕರೂಪತೆ ಇರಲಿಲ್ಲ. ಅದರ ಹಿಂದೆ ಗಟ್ಟಿಯಾದ ಸಿದ್ಧಾಂತವೂ ಇರಲಿಲ್ಲ.

ಆಟಿಕೆ ತೋರಿದ ದಾರಿ

ಆಗ ಬಳಕೆಯಲ್ಲಿದ್ದ ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಜ್ಞಾನವನ್ನು ಮೊದಲೇ ಹತ್ತು ಭಾಗ ಮಾಡಿ, ಅವುಗಳ ಒಳಗೆ ಮತ್ತೆ ಹತ್ತು ಹತ್ತು ಮನೆಗಳನ್ನು ಕಟ್ಟಲಾಗಿತ್ತು. ಹೊಸ ವಿಷಯ ಬಂದರೆ ಇದ್ದ ಮನೆಗಳಲ್ಲೇ ಎಲ್ಲಾದರೂ ಜಾಗ ಹುಡುಕಬೇಕು. ಎರಡು ಮೂರು ವಿಷಯಗಳು ಬೆರೆತ ಪುಸ್ತಕಕ್ಕೆ ಯಾವುದಾದರೊಂದು ಮನೆಯನ್ನು ಆರಿಸಿ, ಉಳಿದ ಸಂಬಂಧಗಳನ್ನು ಬಿಟ್ಟುಕೊಡಬೇಕು.

ಲಂಡನ್ನಿನ ಸೆಲ್ಫ್ರಿಜಸ್ ಮಳಿಗೆಯಲ್ಲಿ ರಂಗನಾಥನ್ ಮೆಕ್ಯಾನೊ ಎಂಬ ಆಟಿಕೆಯ ಪ್ರದರ್ಶನ ಕಂಡರು. ಅದೇ ಪಟ್ಟಿಗಳು, ಅದೇ ಚಕ್ರಗಳು, ಅದೇ ತಿರುಪುಗಳು. ಅವುಗಳನ್ನೇ ಬೇರೆ ಬೇರೆ ರೀತಿ ಜೋಡಿಸಿದರೆ ಒಮ್ಮೆ ಸೇತುವೆ, ಇನ್ನೊಮ್ಮೆ ಬಂಡಿ. ವಿಷಯಗಳನ್ನೂ ಹೀಗೆಯೇ ಬಿಡಿ ಭಾಗಗಳಾಗಿ ಒಡೆದು, ಅಗತ್ಯಕ್ಕೆ ತಕ್ಕಂತೆ ಜೋಡಿಸಬಹುದಲ್ಲ ಎಂಬ ವಿಚಾರ ಅವರಿಗೆ ಹೊಳೆಯಿತು. ಭಾಗಗಳನ್ನು ಕೂಡಿಸುವ ಕೊಂಡಿಯಾಗಿ ಕೋಲನ್ ಚಿಹ್ನೆಯನ್ನು ಆರಿಸಿಕೊಂಡರು. 1925ರಲ್ಲಿ ತಾಯ್ನಾಡಿಗೆ ಮರಳುವ ವೇಳೆಗೆ ಯೋಜನೆಯ ರೂಪರೇಷೆ ಸಿದ್ಧವಾಗತೊಡಗಿತ್ತು. ಮದ್ರಾಸಿನಲ್ಲಿ ವರ್ಷಗಟ್ಟಲೆ ಪ್ರಯೋಗಕ್ಕೆ ಒಡ್ಡಿದ ಬಳಿಕ 1933ರಲ್ಲಿ ಕೋಲನ್ ವರ್ಗೀಕರಣ ಗ್ರಂಥರೂಪದಲ್ಲಿ ಹೊರಬಂತು.

ಈ ಪದ್ಧತಿಯ ಸ್ವರೂಪವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಶ್ವಾಸಕೋಶದ ಕ್ಷಯಕ್ಕೆ ಎಕ್ಸ್-ರೇ ಚಿಕಿತ್ಸೆ ನೀಡುವ ಬಗ್ಗೆ ಭಾರತದಲ್ಲಿ 1950ರ ದಶಕದಲ್ಲಿ ನಡೆದ ಸಂಶೋಧನೆಯ ಕುರಿತು ಒಂದು ಗ್ರಂಥವಿದೆ ಎನ್ನೋಣ. ವೈದ್ಯಶಾಸ್ತ್ರಕ್ಕೆ ಎಲ್ ಅಕ್ಷರ, ಶ್ವಾಸಕೋಶಕ್ಕೆ 45, ಕ್ಷಯಕ್ಕೆ 421, ಚಿಕಿತ್ಸೆಗೆ 6, ಎಕ್ಸ್-ರೇಗೆ 253, ಸಂಶೋಧನೆಗೆ ಎಫ್, ಭಾರತಕ್ಕೆ 44, 1950ರ ದಶಕಕ್ಕೆ ಎನ್5. ಇವುಗಳನ್ನು ನಿಗದಿತ ಚಿಹ್ನೆಗಳಿಂದ ಕೂಡಿಸಿದರೆ ಆ ಪುಸ್ತಕದ ಸಂಖ್ಯೆ ಸಿದ್ಧ. ಯಾವುದರ ಬಗ್ಗೆ, ಯಾವ ಗುಣ ಅಥವಾ ವಸ್ತು, ಯಾವ ಕ್ರಿಯೆ, ಎಲ್ಲಿ, ಯಾವಾಗ ಎಂಬ ಐದು ಮುಖಗಳಿಂದ ಯಾವ ವಿಷಯವನ್ನಾದರೂ ನೋಡಬಹುದೆಂಬುದು ಅವರು ಮುಂದೆ ಸ್ಥಿರಪಡಿಸಿದ ಸಿದ್ಧಾಂತದ ಸಾರ.

ಐದು ಸೂತ್ರಗಳು

ಮದ್ರಾಸಿನಲ್ಲಿ ರಂಗನಾಥನ್ ಮಾಡಿದ ಕೆಲಸ ವರ್ಗೀಕರಣಕ್ಕೆ ಸೀಮಿತವಾಗಿರಲಿಲ್ಲ. ಬೀಗ ಹಾಕಿದ ಕಪಾಟುಗಳನ್ನು ತೆರೆಸಿ, ಓದುಗರು ತಾವೇ ಪುಸ್ತಕಗಳ ನಡುವೆ ಓಡಾಡಲು ಅವಕಾಶ ಮಾಡಿಕೊಟ್ಟರು. ಗ್ರಂಥಾಲಯದ ಅವಧಿಯನ್ನು ವಿಸ್ತರಿಸಿದರು. 1928ರಲ್ಲಿ ಮದ್ರಾಸ್ ಗ್ರಂಥಾಲಯ ಸಂಘದ ಸ್ಥಾಪನೆಗೆ ಕಾರಣರಾದರು. ಅದೇ ವರ್ಷ ಪತ್ನಿ ರುಕ್ಮಿಣಿ ಅಪಘಾತವೊಂದರಲ್ಲಿ ತೀರಿಕೊಂಡರು. ಮರುವರ್ಷ ಶಾರದಾ ಅವರನ್ನು ವರಿಸಿದರು. ಎರಡು ದಶಕಗಳ ಕಾಲ ರಜೆಯನ್ನೇ ಪಡೆಯದೆ ದುಡಿದರೆಂದು ಅವರ ಶಿಷ್ಯರು ಸ್ಮರಿಸುತ್ತಿದ್ದರು.

1931ರಲ್ಲಿ ಪ್ರಕಟವಾದ ಗ್ರಂಥಾಲಯ ವಿಜ್ಞಾನದ ಪಂಚಸೂತ್ರಗಳು ಅವರನ್ನು ಜಗತ್ತಿಗೆ ಪರಿಚಯಿಸಿದವು. ಪುಸ್ತಕಗಳಿರುವುದು ಬಳಕೆಗಾಗಿಯೇ ಹೊರತು ಕಾಪಿಡಲಿಕ್ಕಲ್ಲ ಎಂಬುದು ಮೊದಲನೆಯದು. ಪ್ರತಿ ಓದುಗನಿಗೂ ಅವನಿಗೆ ತಕ್ಕ ಪುಸ್ತಕ ದೊರೆಯಬೇಕು, ಪ್ರತಿ ಪುಸ್ತಕಕ್ಕೂ ಅದನ್ನು ಬಯಸುವ ಓದುಗ ದೊರೆಯಬೇಕು ಎಂಬುವು ಮುಂದಿನ ಎರಡು. ಓದುಗನ ಸಮಯ ವ್ಯರ್ಥವಾಗಬಾರದೆಂಬುದು ನಾಲ್ಕನೆಯದು. ಗ್ರಂಥಾಲಯ ನಿರಂತರ ಬೆಳೆಯುವ ಜೀವಿ ಎಂಬುದು ಐದನೆಯದು. ಕೇಳಲು ಸರಳವಾದರೂ ಇವುಗಳ ಪರಿಣಾಮ ದೊಡ್ಡದು. ಗ್ರಂಥಾಲಯದ ಯೋಗ್ಯತೆಯನ್ನು ಅಳೆಯಬೇಕಾದದ್ದು ಪುಸ್ತಕಗಳ ಸಂಖ್ಯೆಯಿಂದಲ್ಲ, ಹುಡುಕಿ ಬಂದವನಿಗೆ ಎಷ್ಟು ಬೇಗ ಉತ್ತರ ಸಿಕ್ಕಿತೆಂಬುದರಿಂದ ಎಂಬ ಹೊಸ ಮಾನದಂಡ ಇಲ್ಲಿಂದ ಹುಟ್ಟಿತು.

ಸರಪಳಿಯ ಕೊಂಡಿಗಳು

ಪುಸ್ತಕ ಕಪಾಟಿನಲ್ಲಿ ಒಂದೇ ಕಡೆ ಇರಬಲ್ಲದು. ಅದನ್ನು ಅರಸಿ ಬರುವವರು ಮಾತ್ರ ಹಲವು ದಾರಿಗಳಿಂದ ಬರುತ್ತಾರೆ. ಮೇಲಿನ ಉದಾಹರಣೆಯ ಗ್ರಂಥವನ್ನೇ ಒಬ್ಬರು ಕ್ಷಯವೆಂದು ಕೇಳಿದರೆ ಇನ್ನೊಬ್ಬರು ಎಕ್ಸ್-ರೇ ಎಂದು ಕೇಳಬಹುದು. ಎಲ್ಲರಿಗೂ ದಾರಿ ತೋರುವ ಸೂಚಿಯನ್ನು ಸಿದ್ಧಪಡಿಸುವುದು ಅಲ್ಲಿಯವರೆಗೆ ಸಿಬ್ಬಂದಿಯ ಅನುಭವಕ್ಕೂ ಊಹೆಗೂ ಬಿಟ್ಟ ಕೆಲಸವಾಗಿತ್ತು. ಒಬ್ಬರು ಮಾಡಿದ ಸೂಚಿ ಇನ್ನೊಬ್ಬರದರಂತೆ ಇರುತ್ತಿರಲಿಲ್ಲ.

ರಂಗನಾಥನ್ ಇದಕ್ಕೂ ನಿಯಮ ಕಂಡುಹಿಡಿದರು. 1938ರ ಗ್ರಂಥವೊಂದರಲ್ಲಿ ಅವರು ನಿರೂಪಿಸಿದ ಸರಪಳಿ ವಿಧಾನದಲ್ಲಿ ವರ್ಗ ಸಂಖ್ಯೆಯನ್ನು ಕೊಂಡಿಗಳ ಸಾಲಾಗಿ ಬಿಡಿಸಲಾಗುತ್ತದೆ. ಕೊನೆಯ ಕೊಂಡಿಯಿಂದ ಹಿಂದಕ್ಕೆ ಬರುತ್ತಾ, ಹುಡುಕಲು ತಕ್ಕುದಾದ ಪ್ರತಿ ಕೊಂಡಿಗೂ ಒಂದೊಂದು ನಮೂದನ್ನು ಬರೆಯಲಾಗುತ್ತದೆ. ಎಕ್ಸ್-ರೇ, ಚಿಕಿತ್ಸೆ, ಕ್ಷಯ, ಶ್ವಾಸಕೋಶ, ಹೀಗೆ ಯಾವ ಹೆಸರಿನಿಂದ ಹೊರಟರೂ ಓದುಗ ಸರಿಯಾದ ಕಪಾಟಿಗೆ ಬಂದು ಸೇರುತ್ತಾನೆ. ನಿಯಮ ಎಲ್ಲರಿಗೂ ತಿಳಿದಿರುವುದರಿಂದ ಒಂದೇ ಸಂಖ್ಯೆಯಿಂದ ಹೊರಟವರ ಸೂಚಿಗಳು ಬಹುಮಟ್ಟಿಗೆ ಒಂದೇ ಆಗಿರುತ್ತವೆ. ತಪ್ಪಿದ್ದರೆ ಪರೀಕ್ಷಿಸಿ ತೋರಿಸಬಹುದು. 1950ರಲ್ಲಿ ಆರಂಭವಾದ ಬ್ರಿಟಿಷ್ ರಾಷ್ಟ್ರೀಯ ಗ್ರಂಥಸೂಚಿ ಸುಮಾರು ಎರಡು ದಶಕ ಈ ವಿಧಾನವನ್ನೇ ಅನುಸರಿಸಿತು. ಇಂಗ್ಲೆಂಡಿಗೆ ಕಲಿಯಲು ಹೋದವರ ವಿಧಾನವನ್ನು ಇಂಗ್ಲೆಂಡೇ ಕಲಿತುಕೊಂಡಿತು.

ಇಂದಿನ ಕಿರ್ದಿ, ಇಂದಿನ ಖತಾವಣಿ

ಗ್ರಂಥಾಲಯಕ್ಕೆ ಬಂದ ಪುಸ್ತಕಗಳನ್ನು ಮೊದಲು ಬಂದ ಕ್ರಮದಲ್ಲೇ ಅಕ್ಸೆಷನ್ ರಿಜಿಸ್ಟರ್‌ನಲ್ಲಿ ನಮೂದಿಸಲಾಗುತ್ತದೆ. ಆ ರಿಜಿಸ್ಟರ್ ಸಾಕ್ಷ್ಯಕ್ಕೆ ಬೇಕು, ಶೋಧಕ್ಕೆ ಸಾಲದು. ಬ್ಲಾಕ್‌ಚೈನ್‌ನ ಸ್ಥಿತಿಯೂ ಇದೇ. 2015ರ ಜುಲೈನಲ್ಲಿ ಆರಂಭವಾದ ಇಥೀರಿಯಂ ಜಾಲದಲ್ಲಿ ಈಗ ಸುಮಾರು 12 ಸೆಕೆಂಡಿಗೊಂದರಂತೆ ವ್ಯವಹಾರಗಳ ಹೊಸ ಕಟ್ಟು ಸೇರುತ್ತಿದೆ. ಒಂದು ಖಾತೆಯಲ್ಲಿ ಈಗ ಎಷ್ಟಿದೆ ಎಂದು ಕೇಳಿದರೆ ಜಾಲದ ಯಾವುದೇ ಗಣಕ ಕೂಡಲೇ ಹೇಳಬಲ್ಲದು. ಆದರೆ ಒಂದು ಡಿಜಿಟಲ್ ಆಸ್ತಿ ಕಳೆದ ವರ್ಷ ಯಾರಿಂದ ಯಾರ ಕೈಗೆ ಹೋಯಿತು, ಅದನ್ನು ಹೊಂದಿರುವವರಲ್ಲಿ ಮೊದಲ ನೂರು ಮಂದಿ ಯಾರು ಎಂಬಂಥ ಪ್ರಶ್ನೆಗಳಿಗೆ ಕಟ್ಟುಗಳನ್ನು ಒಂದೊಂದಾಗಿ ತಡಕಬೇಕು. ಫೋನಿನ ಪರದೆಯ ಮುಂದೆ ಕುಳಿತ ಬಳಕೆದಾರ ಅಷ್ಟು ಹೊತ್ತು ಕಾಯುವವನಲ್ಲ.

ಆದ್ದರಿಂದ ವಿಕೇಂದ್ರೀಕೃತ ಆ್ಯಪ್‌ಗಳನ್ನು ರೂಪಿಸುವವರು ಸೂಚಿಯೊಂದನ್ನು ಪ್ರತ್ಯೇಕವಾಗಿ ಕಟ್ಟಿಕೊಳ್ಳುತ್ತಾರೆ. 2020ರ ಡಿಸೆಂಬರ್‌ನಲ್ಲಿ ಸಾರ್ವಜನಿಕ ಜಾಲವಾಗಿ ಕಾರ್ಯಾರಂಭ ಮಾಡಿದ ದಿ ಗ್ರಾಫ್ ಇಂಥ ವ್ಯವಸ್ಥೆಗಳಲ್ಲಿ ಪ್ರಮುಖವಾದುದು. ಯಾವ ಒಪ್ಪಂದದ ಯಾವ ಘಟನೆಗಳನ್ನು, ಯಾವ ಕಟ್ಟಿನಿಂದ ಆರಂಭಿಸಿ ಗಮನಿಸಬೇಕು, ಅವುಗಳನ್ನು ಯಾವ ಶೀರ್ಷಿಕೆಗಳಡಿ ವಿಂಗಡಿಸಬೇಕು ಎಂಬುದನ್ನು ರಚನಾಕಾರ ಮೊದಲೇ ಬರೆದುಕೊಡುತ್ತಾನೆ. ಆ ಸೂಚನೆಯಂತೆ ಗಣಕಗಳು ಕಟ್ಟುಗಳನ್ನು ಓದುತ್ತಾ, ಯಾರು, ಏನನ್ನು, ಯಾವ ಕ್ರಿಯೆಯಿಂದ, ಎಲ್ಲಿ, ಯಾವಾಗ ಎಂದು ಬಿಡಿಸಿ ಕೋಷ್ಟಕಗಳಲ್ಲಿ ತುಂಬುತ್ತವೆ. ಬಳಿಕ ಕೇಳಿದ ಪ್ರಶ್ನೆಗೆ ಉತ್ತರ ಕ್ಷಣಾರ್ಧದಲ್ಲಿ ಬರುತ್ತದೆ. ಜಾಲದ ಕೊನೆಯ ಕೆಲವು ಕಟ್ಟುಗಳು ಒಮ್ಮೊಮ್ಮೆ ರದ್ದಾಗಿ ಬೇರೆಯವು ಅವುಗಳ ಜಾಗಕ್ಕೆ ಬರುವುದುಂಟು. ಆಗ ಸೂಚಿಯೂ ಹಿಂದೆ ಸರಿದು ತನ್ನನ್ನು ತಿದ್ದಿಕೊಳ್ಳಬೇಕು. ರಂಗನಾಥನ್ ಹೇಳಿದ ಬೆಳೆಯುವ ಜೀವಿಯ ಲಕ್ಷಣ ಇಲ್ಲಿಯೂ ಕಾಣುತ್ತದೆ.

ಇದರಲ್ಲಿ ಒಂದು ಗಂಭೀರ ಪ್ರಶ್ನೆ ಅಡಗಿದೆ. ದಾಖಲೆ ಎಲ್ಲರದೂ ಆಗಿದ್ದು, ಅದನ್ನು ಓದಿಕೊಡುವ ಕಿಂಡಿ ಒಬ್ಬರ ಕೈಯಲ್ಲಿದ್ದರೆ ವಿಕೇಂದ್ರೀಕರಣದ ಮಾತಿಗೆ ಅರ್ಥವೇನು? 2020ರ ನವೆಂಬರ್ 11ರಂದು ಇಥೀರಿಯಂ ಮಾಹಿತಿ ಒದಗಿಸುವ ಇನ್ಫ್ಯೂರಾ ಸೇವೆ ಕೆಲಕಾಲ ಸ್ಥಗಿತಗೊಂಡಾಗ ಅನೇಕ ಆ್ಯಪ್‌ಗಳು ಕುರುಡಾದವು. ಕೆಲವು ವಿನಿಮಯ ಕೇಂದ್ರಗಳು ಹಣ ಹಿಂಪಡೆಯುವಿಕೆಯನ್ನು ನಿಲ್ಲಿಸಿದವು. ಪುಸ್ತಕ ನಾಶವಾಗಿರಲಿಲ್ಲ, ಅದರತ್ತ ಹೋಗುವ ಬಾಗಿಲು ಮುಚ್ಚಿತ್ತು. ಒಂದೇ ನಿಯಮದಂತೆ ಹಲವರು ಸೂಚಿ ಕಟ್ಟಿ, ಫಲಿತಾಂಶಗಳನ್ನು ತಾಳೆ ನೋಡುವಂತಿರಬೇಕೆಂಬ ಇಂದಿನ ಪ್ರಯತ್ನಗಳ ಹಿಂದೆ ಈ ಆತಂಕವಿದೆ. ಬೀಗ ಹಾಕಿದ ಕಪಾಟು ಗ್ರಂಥಾಲಯವಲ್ಲವೆಂದು ನಂಬಿದ್ದ ರಂಗನಾಥನ್ ಅವರಿಗೆ ಈ ಆತಂಕ ಹೊಸದೆನಿಸುತ್ತಿರಲಿಲ್ಲ. ಸೂಚಿಯ ನಿಯಮಗಳನ್ನು ಅಚ್ಚು ಹಾಕಿಸಿ ಎಲ್ಲರ ಕೈಗಿತ್ತ ವ್ಯಕ್ತಿ ಅವರು.

ಕಾಶಿ, ದೆಹಲಿ, ಜ್ಯೂರಿಕ್

1945ರಲ್ಲಿ ಮದ್ರಾಸನ್ನು ತೊರೆದ ರಂಗನಾಥನ್, ಕುಲಪತಿ ಡಾ. ಎಸ್. ರಾಧಾಕೃಷ್ಣನ್ ಅವರ ಆಹ್ವಾನದ ಮೇರೆಗೆ ಬನಾರಸ್ ಹಿಂದೂ ವಿಶ್ವವಿದ್ಯಾನಿಲಯಕ್ಕೆ ಬಂದರು. ಅಲ್ಲಿ ಎರಡು ವರ್ಷಗಳಲ್ಲಿ ಸುಮಾರು ಒಂದು ಲಕ್ಷ ಪುಸ್ತಕಗಳನ್ನು ಬಹುಪಾಲು ಒಬ್ಬರೇ ವರ್ಗೀಕರಿಸಿದರೆಂಬುದು ಅವರ ದುಡಿಮೆಯ ಪರಿಗೆ ಸಾಕ್ಷಿ. 1947ರಲ್ಲಿ ದೆಹಲಿ ವಿಶ್ವವಿದ್ಯಾನಿಲಯಕ್ಕೆ ತೆರಳಿ ಗ್ರಂಥಾಲಯ ವಿಜ್ಞಾನದ ಉನ್ನತ ಶಿಕ್ಷಣಕ್ಕೆ ಬುನಾದಿ ಹಾಕಿದರು. 1948ರಲ್ಲಿ ಮದ್ರಾಸ್ ಸಾರ್ವಜನಿಕ ಗ್ರಂಥಾಲಯ ಕಾಯಿದೆ ಜಾರಿಗೆ ಬಂದದ್ದು ಅವರ ದೀರ್ಘ ಹೋರಾಟದ ಫಲ. ಅನಂತರ ಕೆಲವು ವರ್ಷ ಜ್ಯೂರಿಕ್‌ನಲ್ಲಿ ನೆಲೆಸಿ ಯುರೋಪಿನ ವಿದ್ವಾಂಸರೊಡನೆ ವಿಚಾರ ವಿನಿಮಯ ನಡೆಸಿದರು. ಈ ನಡುವೆ ತಮ್ಮ ಜೀವಮಾನದ ಉಳಿತಾಯವಾದ ಒಂದು ಲಕ್ಷ ರೂಪಾಯಿಯನ್ನು ಮದ್ರಾಸ್ ವಿಶ್ವವಿದ್ಯಾನಿಲಯಕ್ಕಿತ್ತು, ಪತ್ನಿ ಶಾರದಾ ಅವರ ಹೆಸರೂ ಸೇರಿದ ಪೀಠವೊಂದಕ್ಕೆ ಕಾರಣರಾದರು. 1957ರಲ್ಲಿ ಕೇಂದ್ರ ಸರ್ಕಾರ ಪದ್ಮಶ್ರೀ ನೀಡಿ ಗೌರವಿಸಿತು.

ಬೆಂಗಳೂರಿನ ವರ್ಷಗಳು

ಅದೇ 1957ರಲ್ಲಿ ರಂಗನಾಥನ್ ಬೆಂಗಳೂರಿಗೆ ಬಂದು ನೆಲೆಸಿದರು. ವಿಶ್ರಾಂತಿಯ ವಯಸ್ಸಿನಲ್ಲಿ ಅವರು ಆರಂಭಿಸಿದ್ದು ಹೊಸ ಶಾಲೆಯನ್ನು. ಭಾರತೀಯ ಸಾಂಖ್ಯಿಕ ಸಂಸ್ಥೆಯ ಆಶ್ರಯದಲ್ಲಿ 1962ರಲ್ಲಿ ಇಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರ, ಅಂದರೆ ಡಿಆರ್‌ಟಿಸಿ, ಜನ್ಮ ತಾಳಿತು. ಕೈಗಾರಿಕೆ ಹಾಗೂ ಪ್ರಯೋಗಾಲಯಗಳಿಗೆ ಬೇಕಾದ ಸೂಕ್ಷ್ಮ ಮಾಹಿತಿಯನ್ನು ಹುಡುಕಿ ಒದಗಿಸಬಲ್ಲ ತಜ್ಞರನ್ನು ಸಿದ್ಧಪಡಿಸುವುದು ಅದರ ಗುರಿಯಾಗಿತ್ತು. ಆ ಕೇಂದ್ರ ಬೆಂಗಳೂರಿನಲ್ಲಿ ಇಂದಿಗೂ ಕಾರ್ಯನಿರತವಾಗಿದೆ. ಅವರು ನಗರದಲ್ಲಿದ್ದ ವರ್ಷಗಳಲ್ಲೇ, 1965ರಲ್ಲಿ, ಅಂದಿನ ಮೈಸೂರು ರಾಜ್ಯವೂ ಸಾರ್ವಜನಿಕ ಗ್ರಂಥಾಲಯ ಕಾಯಿದೆಯನ್ನು ಅಂಗೀಕರಿಸಿತು. ಅದೇ ವರ್ಷ ಅವರು ರಾಷ್ಟ್ರೀಯ ಸಂಶೋಧನಾ ಪ್ರಾಧ್ಯಾಪಕರಾಗಿ ನೇಮಕಗೊಂಡರು. ಗಣಿತದ ಮೇಲಿನ ಪ್ರೀತಿಯೂ ಬತ್ತಿರಲಿಲ್ಲ. 1967ರಲ್ಲಿ ಶ್ರೀನಿವಾಸ ರಾಮಾನುಜನ್ ಅವರನ್ನು ಕುರಿತ ಪುಸ್ತಕವನ್ನು ಹೊರತಂದರು. 1972ರ ಸೆಪ್ಟೆಂಬರ್ 27ರಂದು ಬೆಂಗಳೂರಿನಲ್ಲೇ ಕೊನೆಯುಸಿರೆಳೆದರು.

ಉಳಿದದ್ದೇನು?

ಕೋಲನ್ ವರ್ಗೀಕರಣವನ್ನು ಇಂದು ಅನುಸರಿಸುವ ಗ್ರಂಥಾಲಯಗಳು ಹೆಚ್ಚಿಲ್ಲವೆಂಬುದನ್ನು ಒಪ್ಪಬೇಕು. ಆವೃತ್ತಿಯಿಂದ ಆವೃತ್ತಿಗೆ ನಿಯಮಗಳು ಬದಲಾದವು, ಸಂಖ್ಯೆಗಳು ಉದ್ದವಾದವು. ಸಾಮಾನ್ಯ ಸಿಬ್ಬಂದಿಗೆ ಅದು ಕ್ಲಿಷ್ಟವೆನಿಸಿತು. ನಮ್ಮ ದೇಶದಲ್ಲೂ ಬಹುತೇಕ ಗ್ರಂಥಾಲಯಗಳು ಡ್ಯೂಯಿ ಪದ್ಧತಿಯನ್ನೇ ನೆಚ್ಚಿಕೊಂಡವು. ಆದರೆ ಅವರ ವಿಚಾರ ಸೋಲಲಿಲ್ಲ. 1952ರಲ್ಲಿ ಲಂಡನ್ನಿನಲ್ಲಿ ರೂಪುಗೊಂಡ ವರ್ಗೀಕರಣ ಸಂಶೋಧಕರ ತಂಡ ಮುಖಗಳಾಗಿ ವಿಂಗಡಿಸುವ ವಿಧಾನವನ್ನು ಎತ್ತಿಕೊಂಡು ಬೆಳೆಸಿತು. ಅಂತರಜಾಲದ ಅಂಗಡಿಯಲ್ಲಿ ಸೀರೆಯೊಂದನ್ನು ಬಣ್ಣ, ನೂಲು, ಬೆಲೆ, ಊರು ಎಂದು ಸೋಸಿ ಹುಡುಕುವಾಗ ನಾವು ಅರಿಯದೆಯೇ ಆ ವಿಧಾನದ ಫಲವನ್ನು ಉಣ್ಣುತ್ತಿರುತ್ತೇವೆ.

ಅವರ ಜನ್ಮಶತಮಾನೋತ್ಸವದ ವರ್ಷವಾದ 1992ರಲ್ಲಿ ಅಂಚೆ ಇಲಾಖೆ ಅವರ ಚಿತ್ರವಿರುವ ಅಂಚೆಚೀಟಿ ಹೊರತಂದಿತು. ಆಗಸ್ಟ್ 12ನ್ನು ದೇಶದಾದ್ಯಂತ ಗ್ರಂಥಪಾಲಕರ ದಿನವಾಗಿ ಆಚರಿಸಲಾಗುತ್ತಿದೆ. ಹಾರ, ಭಾಷಣಗಳ ಜೊತೆಗೆ ನೆನೆಯಬೇಕಾದ ಮಾತೊಂದಿದೆ. ಸರ್ಕಾರಿ ಕಡತವಾಗಲಿ, ಜಮೀನಿನ ಪಹಣಿಯಾಗಲಿ, ಬ್ಲಾಕ್‌ಚೈನ್‌ನ ದಾಖಲೆಯಾಗಲಿ, ಸಾರ್ವಜನಿಕವೆಂದು ಘೋಷಿಸಿದ ಮಾತ್ರಕ್ಕೆ ಅದು ಸಾರ್ವಜನಿಕರದಾಗದು. ಬೇಕಾದವನಿಗೆ ಬೇಕಾದ ಹೊತ್ತಿಗೆ, ಯಾರ ಮರ್ಜಿಯನ್ನೂ ಕಾಯದೆ ಅದು ದೊರೆಯಬೇಕು. ಅದಕ್ಕೆ ಬೇಕಾದ ಸೂಚಿಯೂ, ಆ ಸೂಚಿಯ ನಿಯಮವೂ ಎಲ್ಲರಿಗೂ ತೆರೆದಿರಬೇಕು. ರಂಗನಾಥನ್ ಅವರ ಅರ್ಧ ಶತಮಾನದ ದುಡಿಮೆ ಕಲಿಸಿದ ಪಾಠ ಇಷ್ಟೇ.